ವಿದ್ಯಾರ್ಥಿ ಚಿತ್ರಕ್ಕೆ ಕಿವಿ ಕೊಡಿ

ಬೆಂಗಳೂರಿನ ಬಿಟಿಎಂ ಲೇಔಟ್‌ನ ಯಾವುದೋ ಬಾಡಿಗೆ ಮನೆಯಲ್ಲಿ ನಾಲ್ಕು ಜನ ವಿದ್ಯಾರ್ಥಿಗಳು ಸೇರಿ ಮೂರು ನಿಮಿಷದ ಚಿತ್ರ ಮಾಡಿ ತೋರಿಸಿದರೆ, ನೋಡಿದವರ ಮೊದಲ ಪ್ರಶ್ನೆ ‘ಯಾವ ಕ್ಯಾಮೆರಾ?’ ಎರಡನೆಯದು ‘ಟ್ವಿಸ್ಟ್ ಇಲ್ವಾ?’ ಡ್ರೋನ್ ಹಾರಿದರೆ ಚಪ್ಪಾಳೆ, ಹಿನ್ನೆಲೆ ಸಂಗೀತ ಕಿವಿಗೆ ಬಡಿದರೆ ಶಿಳ್ಳೆ. ಈ ಅಭಿರುಚಿ ಇಟ್ಟುಕೊಂಡು ವಿದ್ಯಾರ್ಥಿ ಚಿತ್ರ ನೋಡುವುದು ವ್ಯರ್ಥ. ಅಲ್ಲಿ ಬೆವರು ಹರಿದಿರುವುದು ಶಬ್ದಕ್ಕಾಗಿ.

ಸಿನಿಮಾ ಶಾಲೆಗಳಲ್ಲೊಂದು ಹಳೆಯ ಅಭ್ಯಾಸವಿದೆ. ಒಬ್ಬ ಬಾಗಿಲು ತೆರೆದು ಬರಬೇಕು, ಕೋಣೆ ದಾಟಿ ಕುರ್ಚಿಯಲ್ಲಿ ಕೂರಬೇಕು, ಎದುರಿಗಿರುವವರ ಜೊತೆ ಎರಡು ಮಾತಾಡಬೇಕು. ಅಷ್ಟೇ. ಇದನ್ನು ಬಿಟಿಎಂನಲ್ಲಿ ತೆಗೆಯಹೊರಟರೆ ಕಷ್ಟ ಗೊತ್ತಾಗುತ್ತದೆ. ಮೊದಲ ಶಾಟ್‌ಗೆ ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ, ಎರಡನೆಯದಕ್ಕೆ ತರಕಾರಿ ಗಾಡಿಯವನ ಮೈಕು, ಮೂರನೆಯ ಹೊತ್ತಿಗೆ ಉಡುಪಿ ಗಾರ್ಡನ್ ಸಿಗ್ನಲ್‌ನ ಸಂಜೆಯ ಹಾರ್ನು. ಎಡಿಟಿಂಗ್‌ನಲ್ಲಿ ದೃಶ್ಯ ದೃಶ್ಯಕ್ಕೆ ಹೊಂದುತ್ತದೆ, ಸದ್ದು ಮಾತ್ರ ಪ್ರತಿ ಕಟ್‌ನಲ್ಲೂ ಮುಗ್ಗರಿಸುತ್ತದೆ.

ಇದಕ್ಕೆ ಮದ್ದು ರೂಮ್ ಟೋನ್. ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಅಲ್ಲಾಡದೆ ನಿಂತು, ಮಾತಿಲ್ಲದ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳುವುದು. ಫ್ಯಾನು, ಫ್ರಿಜ್ಜು ಮೊದಲೇ ಬಂದ್. ಮತ್ತೆ ಆನ್ ಮಾಡುವುದು ಮರೆಯದಿರಲೆಂದು ಗಾಡಿ ಕೀಯನ್ನು ಫ್ರಿಜ್ಜಿನೊಳಗೇ ಇಡುವವರಿದ್ದಾರೆ. ಕೀ ಇಲ್ಲದೆ ಮನೆಗೆ ಹೋಗುವಂತಿಲ್ಲವಲ್ಲ! ಆ ಒಂದು ನಿಮಿಷವನ್ನು ಮಾತುಗಳ ನಡುವೆ ಹಾಸಿದಾಗ ಕಟ್‌ಗಳು ಕರಗುತ್ತವೆ. ಇಷ್ಟು ತಾಳ್ಮೆಯಿಲ್ಲದವರು ಸಂಗೀತ ಸುರಿದು ಮುಚ್ಚುತ್ತಾರೆ. ಜನ ಅದನ್ನೇ ‘ಸೂಪರ್ ಫೀಲ್’ ಅನ್ನುತ್ತಾರೆ.

ಈ ಲೇಖಕನ ಕಿವಿ ತೆರೆಸಿದ್ದು ‘ತಿಥಿ’. ಪ್ರಾಗ್ ಫಿಲ್ಮ್ ಸ್ಕೂಲ್‌ನಲ್ಲಿ ಕಲಿತ ರಾಮ್ ರೆಡ್ಡಿ ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ಊರವರನ್ನೇ ನಟರನ್ನಾಗಿಸಿ ತೆಗೆದ ಈ ಚಿತ್ರ 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದಿತು. ಡಬ್ಬಿಂಗ್ ಥಿಯೇಟರ್‌ನ ನುಣುಪು ಮಾತಿಗೆ ಒಗ್ಗಿಹೋಗಿದ್ದ ಕಿವಿಗೆ, ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುವ ಸೆಂಚುರಿ ಗೌಡನ ದನಿ ಆ ಬೀದಿಯ ಸಮೇತ ಕೇಳಿಸಿತು. ಆಮೇಲೆ ಡಬ್ ಮಾಡಿದ ಹಳ್ಳಿ ಚಿತ್ರಗಳನ್ನು ಸಹಿಸುವುದೇ ಕಷ್ಟವಾಯಿತು.

ಇನ್ನೂ ದೊಡ್ಡ ಪಾಠ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರದು. ವೈದ್ಯಕೀಯ ಓದಿ ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ (ಎಫ್‌ಟಿಐಐ) ಸೇರಿದ ಅವರು, ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಕೊನೆಯ ಅಭ್ಯಾಸವಾಗಿ ಮಾಡಿದ್ದು 16 ನಿಮಿಷದ ಕನ್ನಡ ಚಿತ್ರ, ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ ಹೀಗೆ ನಾಲ್ಕು ವಿಭಾಗದ ವಿದ್ಯಾರ್ಥಿಗಳು ಕೂಡಿ ಮಾಡಬೇಕಾದ ಅಭ್ಯಾಸ ಅದು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳಿಗಿರುವ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಬಂತು. ಕಥೆ ನಮ್ಮ ಜನಪದದ್ದು: ಮುದುಕಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಕೇಳದೇ ಹೋದ ಒಂದು ಕೂಗಿನ ಮೇಲೆ ನಿಂತ ಕಥೆಯಿದು. ಇದನ್ನು ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಹಾಕಿಕೊಂಡು ನೋಡುವುದು ಅನ್ಯಾಯ.

ಛಾಯಾಗ್ರಹಣ, ನಟನೆಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಇನ್ನು ವಿದ್ಯಾರ್ಥಿ ಚಿತ್ರವೆಂದರೆ ಮೂಗು ಮುರಿಯುವವರು ಗಿರೀಶ್ ಕಾಸರವಳ್ಳಿಯವರನ್ನು ನೆನೆಯಲಿ. ಎಫ್‌ಟಿಐಐಯಲ್ಲಿ ಅವರು ಮಾಡಿದ ‘ಅವಶೇಷ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು, ಆಮೇಲೆ ಮಾಡಿದ 1977ರ ‘ಘಟಶ್ರಾದ್ಧ’ ಸ್ವರ್ಣಕಮಲ ತಂದಿತು.

ಬಿಟಿಎಂನವರಿಗೆ ಬನಶಂಕರಿ ಎರಡನೇ ಹಂತದ ಸುಚಿತ್ರಾ ದೂರವೇನಲ್ಲ. 1971ರಲ್ಲಿ ಹುಟ್ಟಿದ ಫಿಲ್ಮ್ ಸೊಸೈಟಿ ಅದು. ಅಲ್ಲಿ ವಿದ್ಯಾರ್ಥಿ ಚಿತ್ರ ತೋರಿಸಿದಾಗ ಕತ್ತಲ ಹಾಲ್‌ನಲ್ಲಿ ಕೂತು ನೋಡಿ. ಮಾತು ನಿಂತಾಗ ಹಿಂದೆ ಏನು ಕೇಳುತ್ತಿದೆ, ಚೌಕಟ್ಟಿನ ಹೊರಗೆ ಯಾರು ಓಡಾಡುತ್ತಿದ್ದಾರೆ ಎಂದು ಗಮನಿಸಿ. ಹೊರಬಂದ ಮೇಲೆ ಕ್ಯಾಮೆರಾ ವಿಚಾರ ಬಿಟ್ಟು, ಸೌಂಡ್ ಮಾಡಿದ ವಿದ್ಯಾರ್ಥಿ ಯಾರೆಂದು ಕೇಳಿ ಮಾತಾಡಿಸಿ. ಅವರನ್ನು ಯಾರೂ ಮಾತಾಡಿಸಿರುವುದಿಲ್ಲ.