ಕೆಲಸ ಬಿಟ್ಟವನ ಕಥೆಯಲ್ಲಿ ಬಿಟ್ಟುಹೋದದ್ದು

ಸಾಮರ್‌ಸೆಟ್ ಮಾಮ್ 1919ರಲ್ಲಿ ಬರೆದ ‘ದಿ ಮೂನ್ ಅಂಡ್ ಸಿಕ್ಸ್‌ಪೆನ್ಸ್’ ಕಾದಂಬರಿ ಹಿಡಿದು, ಕಲಾವಿದನಾದವನು ನೌಕರಿ ಒದ್ದು ಬರಬೇಕು ಅಂತ ನಮಗೆ ಉಪದೇಶ ಮಾಡೋರಿದ್ದಾರೆ. ಅದರ ನಾಯಕ ಸ್ಟ್ರಿಕ್‌ಲ್ಯಾಂಡ್ ಲಂಡನ್ನಿನ ಷೇರು ದಲ್ಲಾಳಿ. ಚಿತ್ರ ಬರೆಯಲು ಪ್ಯಾರಿಸ್ಸಿಗೆ ಹೋಗಿ ಹೆಂಡತಿಗೊಂದು ಕಾಗದ ಹಾಕ್ತಾನೆ. ಮುಗೀತು.

ಮಾಮ್‌ಗೆ ಮಾದರಿಯಾದ ಪಾಲ್ ಗೊಗಾನ್‌ನ ಬದುಕು ಇಷ್ಟು ಸಲೀಸಲ್ಲ. 1882ರಲ್ಲಿ ಪ್ಯಾರಿಸ್ಸಿನ ಷೇರುಪೇಟೆ ಕುಸಿಯಿತು. 1883ರಲ್ಲಿ ಅವನ ದಲ್ಲಾಳಿ ಕೆಲಸ ಮುಗಿಯಿತು. ಒಳಗಿನ ಕರೆ ಇತ್ತು, ಸರಿ. ಪೇಟೆ ಬಿದ್ದದ್ದೂ ಇತ್ತಲ್ಲ! ಐದು ಮಕ್ಕಳು. ಕೋಪನ್‌ಹೇಗನ್ನಿನಲ್ಲಿ ಟಾರ್ಪಾಲು ಮಾರಲು ಹೋಗಿ ಸೋತ. ಹೆಂಡತಿ ಮೆಟ್ಟೆ ಫ್ರೆಂಚ್ ಪಾಠ ಹೇಳಿ ಮನೆ ನಡೆಸಿದಳು. ಆಕೆಯ ದುಡಿಮೆಯನ್ನು ಪ್ರತಿಭೆ ಅಂತ ಯಾರೂ ಕರೆಯಲಿಲ್ಲ.

ನಮ್ಮಲ್ಲಿ ಬಹಳ ಜನ ಮನೆಗೆ ಮೊದಲ ಸಂಬಳ ತಂದವರು. ಅದರಲ್ಲಿ ಅಪ್ಪನ ಸಾಲ, ತಂಗಿಯ ಫೀಸು ಎಲ್ಲಾ ಇದೆ. ಬಿಟ್ಟರೆ ಹಸಿಯೋರು ಯಾರು ಅಂತ ಕೇಳೋದು ಹೇಡಿತನವೇನು?

ಗೊಗಾನ್‌ನ ಚಿತ್ರಗಳನ್ನು ನಾವು ಬೇಡ ಅನ್ನೋದಿಲ್ಲ. ಆದರೆ ಮಾಮ್ ಬರೆಯದ ಗೊಗಾನ್ ನಮಗೆ ಹತ್ತಿರದವನು: 1885–86ರ ಚಳಿಗಾಲದಲ್ಲಿ, ಮಗ ಕ್ಲೋವಿಸ್‌ಗೆ ಸಿಡುಬು ಬಂದಾಗ, ಪ್ಯಾರಿಸ್ಸಿನಲ್ಲಿ ಕೂಲಿಗೆ ಪೋಸ್ಟರ್ ಅಂಟಿಸಿದವನು.