ಕಡತದ ಕಾಲ ತಿದ್ದುವ ಸ್ಕ್ರಿಪ್ಟು

ಶಿರೋಳದ ತೋಂಟದಾರ್ಯ ಮಠದ ಜಾತ್ರೆಯ ಹಲವು ವರ್ಷಗಳ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಿಂದ ಇಳಿಸಿ ಒಂದು ಫೋಲ್ಡರಿಗೆ ಹಾಕಿದರೆ, ಎಲ್ಲವೂ ಇಳಿಸಿಕೊಂಡ ದಿನದ ತಾರೀಖನ್ನೇ ಹೊತ್ತು ನಿಲ್ಲುತ್ತವೆ. ಲಿನಕ್ಸ್‌ನಲ್ಲಿ ಬರೀ ‘ಸಿಪಿ’ ಎಂದು ನಕಲು ಮಾಡಿದರೂ ಅಷ್ಟೇ. ಆಗ ನೆನಪಾಗುವುದು ಪೈಥಾನ್ ಸ್ಕ್ರಿಪ್ಟು. ‘ಒಎಸ್.ಸ್ಟ್ಯಾಟ್’ ವೇಳೆಯನ್ನು ಓದಿ ಹೇಳುತ್ತದೆ, ‘ಒಎಸ್.ಯುಟೈಮ್’ ಕೊಟ್ಟ ವೇಳೆಯನ್ನು ಬರೆದುಬಿಡುತ್ತದೆ. ಹತ್ತು ಸಾಲಿನೊಳಗೆ ಸಾವಿರ ಫೈಲುಗಳ ಕಾಲ ಬದಲು.

ಈ ಸಲೀಸುತನವೇ ನನ್ನ ತಕರಾರು. ಫೈಲಿನ ಒಡೆತನವಿದ್ದರೆ ಸಾಕು, ಯಾವ ತಾರೀಖು ಬೇಕಾದರೂ ಹಚ್ಚಬಹುದು. ಆಧಾರವೇನೆಂದು ಯಂತ್ರ ಕೇಳುವುದಿಲ್ಲ. ನರಗುಂದದ ರೈತ ಬಂಡಾಯ ನಡೆದದ್ದು 1980ರ ಜುಲೈ 21ರಂದು. ಇವತ್ತು ಟೈಪು ಮಾಡಿದ ಹೇಳಿಕೆಗೂ ಆ ದಿನದ ತಾರೀಖು ಸುಲಭವಾಗಿ ಅಂಟುತ್ತದೆ. ಅಂದಿನ ನಿಜವಾದ ಫೋಟೊವನ್ನು ಸ್ಕ್ಯಾನ್ ಮಾಡಿ ಹೀಗೆ ತಿದ್ದುವುದು ಕೂಡ ನನಗೆ ಒಪ್ಪಿಗೆಯಲ್ಲ. ಫೋಟೊ ಹುಟ್ಟಿದ್ದು ಒಂದು ದಿನ, ಫೈಲು ಹುಟ್ಟಿದ್ದು ಇನ್ನೊಂದು ದಿನ, ಎರಡೂ ಸತ್ಯ. ಚಿತ್ರದೊಳಗೇ ಕೂರುವ ಎಕ್ಸಿಫ್ ಮಾಹಿತಿಯಲ್ಲಿ ತೆಗೆದ ದಿನಕ್ಕೂ ಡಿಜಿಟಲ್ ಮಾಡಿದ ದಿನಕ್ಕೂ ಬೇರೆಬೇರೆ ಜಾಗವಿದೆ. ಅದನ್ನು ಬಿಟ್ಟು ಫೈಲಿನ ಮೇಲಿನ ತಾರೀಖನ್ನು ಅಳಿಸಿ ಬರೆಯುವುದೇಕೆ?

ವೇಳಾವಲಯದ ತೊಡಕು ಬೇರೆ. ಕ್ಯಾಮೆರಾ ರಾತ್ರಿ ಎಂಟು ಎಂದು ಬರೆದದ್ದನ್ನು ಸ್ಕ್ರಿಪ್ಟು ಗ್ರೀನಿಚ್ ವೇಳೆಯೆಂದು ಓದಿಕೊಂಡರೆ ಐದೂವರೆ ತಾಸು ಸೇರಿ, ತೇರಿನ ದಿನದ ಫೋಟೊ ಮರುದಿನಕ್ಕೆ ಜಿಗಿಯುತ್ತದೆ.

ನಮ್ಮ ಸೀಮೆಗೆ ತಾರೀಖಿನ ಪರೀಕ್ಷೆ ಹೊಸದೇನಲ್ಲ. ರೋಣ ಭಾಗದ ಸೂಡಿಯಲ್ಲಿ ಸಿಕ್ಕ, ಗಂಗರ ಬೂತುಗನ ಹೆಸರಿನ ಶಕ 860ರ ತಾಮ್ರಪಟವನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದಾಗ ತಲೆಬರಹದಲ್ಲೇ ಅದನ್ನು ಕೂಟ ಶಾಸನವೆಂದರು. ಶಾಸನ ತಾನೇ ಹೇಳಿಕೊಂಡ ಕಾಲವನ್ನು ಅವರು ಹಾಗೇ ನಂಬುತ್ತಿರಲಿಲ್ಲ. ತಿಥಿ, ವಾರ, ಲಿಪಿಗಳನ್ನು ಒಂದಕ್ಕೊಂದು ತಾಳೆ ನೋಡುತ್ತಿದ್ದರು. ಗಂಗರ ಪಟಗಳ ಬಗ್ಗೆ ಅವರ ಕಟುತೀರ್ಪನ್ನು ಇನ್ನೊಬ್ಬ ಶಾಸನತಜ್ಞ ಬಿ.ಎಲ್. ರೈಸ್ ಒಪ್ಪಲಿಲ್ಲ. ಆದರೂ ಆ ವಾದ ಸಾಧ್ಯವಾದದ್ದು ಪಟ ತಿದ್ದುಪಡಿಯಿಲ್ಲದೆ ಇಬ್ಬರ ಮುಂದೆಯೂ ಇದ್ದದ್ದರಿಂದ.

ಫೈಲಿಗೂ ಅಂಥದೊಂದು ಸಾಕ್ಷಿಯಿದೆ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಫೈಲಿನ ಒಳಗು ಕೊನೆಗೆ ಬದಲಾದ ವೇಳೆಯಾದ ‘ಎಂಟೈಮ್’ ಅನ್ನು ತಿದ್ದಿದ ಕೂಡಲೇ, ಫೈಲಿನ ವಿವರಗಳು ಬದಲಾದ ವೇಳೆಯಾದ ‘ಸಿಟೈಮ್’ ಆ ಗಳಿಗೆಯನ್ನು ತಾನೇ ಬರೆದುಕೊಳ್ಳುತ್ತದೆ. ‘ಯುಟೈಮ್’ಗೆ ಅದನ್ನು ಬೇಕಾದಂತೆ ಹೊಂದಿಸಲು ಬಾರದು. ಆದರೆ ಫೈಲನ್ನು ಬೇರೆ ಡಿಸ್ಕಿಗೆ ನಕಲು ಮಾಡಿದರೆ ಆ ಸಾಕ್ಷಿ ಅಲ್ಲೇ ಉಳಿಯುತ್ತದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಡಿಜಿಟಲ್ ದಾಖಲೆಗೆ ಲಗತ್ತಿಸುವ ಪ್ರಮಾಣಪತ್ರ ಹ್ಯಾಶ್ ಮೌಲ್ಯವನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತವನ್ನು, ಕೇಳುತ್ತದೆ, ಒಳ್ಳೆಯದೇ. ಆದರೆ ಹ್ಯಾಶ್ ಕಾಯುವುದು ಫೈಲಿನ ಒಳಗನ್ನು. ಹೊರಗಿನ ತಾರೀಖು ಬದಲಾದರೆ ಅದಕ್ಕೆ ಸುಳಿವೂ ಹತ್ತುವುದಿಲ್ಲ.

ಹಾಗೆಂದು ಫೈಲಿನ ವೇಳೆ ಹೊಂದಿಸುವ ರೂಢಿಯನ್ನೇ ಬೇಡವೆನ್ನಲಾರೆ. ‘ಸಿಪಿ -ಪಿ’, ‘ಆರ್‌ಸಿಂಕ್ -ಎ’ ಇದ್ದ ವೇಳೆಯನ್ನು ಉಳಿಸಿಕೊಂಡೇ ಸಾಗಿಸುತ್ತವೆ. ‘ಟಚ್ -ಆರ್’ ಮೂಲ ಫೈಲಿನ ವೇಳೆಯನ್ನು ನಕಲಿಗೆ ಮರಳಿಸುತ್ತದೆ. ಇವು ಕಳೆದದ್ದನ್ನು ತಂದುಕೊಡುವ ಕೆಲಸ. ಒಳ್ಳೆಯ ಸ್ಕ್ರಿಪ್ಟು ಏನು ಬದಲಿಸಲಿದೆ ಎಂದು ಮೊದಲು ತೋರಿಸುತ್ತದೆ. ಹಳೆಯ ವೇಳೆ, ಹೊಸ ವೇಳೆ, ಅದಕ್ಕೆ ಆಧಾರ, ಈ ಮೂರನ್ನೂ ಒಂದು ಪಟ್ಟಿಗೆ ಬರೆದ ಮೇಲೆಯೇ ಫೈಲನ್ನು ಮುಟ್ಟುತ್ತದೆ. ಆ ಪಟ್ಟಿ ಫೋಟೊಗಳ ಜೊತೆಯಲ್ಲೇ ಇರಬೇಕು.

ದಿನವೇ ಗೊತ್ತಿಲ್ಲದ ಫೋಟೊಗಳ ಪಾಡು ಎಲ್ಲಕ್ಕಿಂತ ಕಷ್ಟ. ‘1980ರ ಸುಮಾರಿಗೆ’ ಎಂಬುದನ್ನು ಬರೆದಿಡಲು ಫೈಲಿನ ತಾರೀಖಿನಲ್ಲಿ ಜಾಗವಿಲ್ಲ, ಅದಕ್ಕೆ ಸೆಕೆಂಡಿನವರೆಗೂ ಲೆಕ್ಕ ಬೇಕು. ಸ್ಕ್ರಿಪ್ಟು ಬರೆದವರು 1980ರ ಜನವರಿ 1 ಎಂದು ತುಂಬಿಬಿಡುತ್ತಾರೆ. ಕ್ಯಾಮೆರಾ ಕಾರ್ಡುಗಳಲ್ಲಿ ಬಳಕೆಯಿದ್ದ ಫ್ಯಾಟ್ ಪದ್ಧತಿಯ ಕಾಲಗಣನೆ ಶುರುವಾಗುವುದೂ ಅದೇ ದಿನದಿಂದ. ಹೀಗಾಗಿ ಗಡಿಯಾರ ಕೆಟ್ಟ ಕ್ಯಾಮೆರಾದ ಫೋಟೊಗಳೂ ಆ ತಾರೀಖಿಗೇ ಬಂದು ಬೀಳಬಹುದು. ಬಂಡಾಯದ ವರ್ಷದ್ದು ಯಾವುದು, ಬ್ಯಾಟರಿ ಸತ್ತ ಕ್ಯಾಮೆರಾದ್ದು ಯಾವುದು ಎಂದು ಆಮೇಲೆ ಬಿಡಿಸುವುದು ಅಸಾಧ್ಯ. ಅಂಥ ಫೋಟೊದ ತಾರೀಖನ್ನು ಮುಟ್ಟದೆ, ‘ಸುಮಾರು’ ಎಂಬುದನ್ನು ಪಟ್ಟಿಯಲ್ಲೇ ಅಕ್ಷರದಲ್ಲಿ ಬರೆದಿಡಬೇಕು.