ರೋಗಿಯ ನಂಬಿಕೆಗೆ ನಾಲ್ಕು ಪ್ರಶ್ನೆ

ಎಫ್‌ಐಸಿಎ ಎಂಬುದು ರೋಗಿಯ ಧಾರ್ಮಿಕ ಮತ್ತು ಆಧ್ಯಾತ್ಮಿಕ ಅಗತ್ಯಗಳನ್ನು ಅರಿಯಲು ವೈದ್ಯರೂ ನರ್ಸುಗಳೂ ಬಳಸುವ ಚಿಕ್ಕ ಪ್ರಶ್ನಾವಳಿ. ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ಸಹೋದ್ಯೋಗಿಗಳೊಡನೆ 1996ರಲ್ಲಿ ಇದನ್ನು ರೂಪಿಸಿದರು. ನಂಬಿಕೆ ಯಾವುದು, ಬದುಕಿನಲ್ಲಿ ಅದಕ್ಕೆಷ್ಟು ಬೆಲೆ, ಆಸರೆಯಾಗಿರುವ ಸಮುದಾಯ ಯಾವುದು, ಆರೈಕೆಯಲ್ಲಿ ಇದನ್ನೆಲ್ಲ ಹೇಗೆ ಗಮನಿಸಬೇಕು ಎಂಬಿವು ಇದರ ನಾಲ್ಕು ಭಾಗಗಳು.

ಇದಕ್ಕೆ ಹಿನ್ನೆಲೆ ಮೊದಲೇ ಸಿದ್ಧವಾಗಿತ್ತು. ನರ್ಸ್ ಆಗಿ ತರಬೇತಿ ಪಡೆದು ಮುಂದೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸಾವಿನಂಚಿನವರ ಆರೈಕೆಗಾಗಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಸಾಯುವವರ ನೋವು ದೇಹದ್ದಷ್ಟೇ ಅಲ್ಲವೆಂದು ತೋರಿಸಿದರು. 1978ರಲ್ಲಿ ‘ಆಧ್ಯಾತ್ಮಿಕ ಸಂಕಟ’ ಅಮೆರಿಕದ ಶುಶ್ರೂಷಾ ನಿದಾನಗಳ ಪಟ್ಟಿ ಸೇರಿತು.

ಪ್ರಶ್ನಾವಳಿಯ ದೊಡ್ಡ ಗುಣವೆಂದರೆ ಕೇಳುವವರ ನಂಬಿಕೆಯನ್ನು ಅದು ಹೊರಗಿಡುತ್ತದೆ. ದೇವರನ್ನು ಒಪ್ಪದ ರೋಗಿಗೂ ಬದುಕಿಗೆ ಅರ್ಥ ಕೊಡುವುದು ಏನೆಂದು ಹೇಳಲು ಜಾಗವಿದೆ. ಇಂಗ್ಲೆಂಡಿನಲ್ಲಿ 2008ರಲ್ಲಿ ರೋಗಿಯೊಬ್ಬರಿಗಾಗಿ ಪ್ರಾರ್ಥಿಸಲೇ ಎಂದು ಕೇಳಿದ ನರ್ಸ್ ಅಮಾನತಾದರು, ಮರುವರ್ಷ ಕೆಲಸಕ್ಕೆ ಮರಳಿದರು. ಅಮಾನತು ಅತಿಯಾಯಿತು, ನಿಜ. ಆದರೂ ತನ್ನಲ್ಲಿರುವುದನ್ನು ಕೊಡಹೋಗುವುದೇ ಬೇರೆ, ರೋಗಿಗೆ ಬೇಕಾದ್ದನ್ನು ಕೇಳುವುದೇ ಬೇರೆ.

ಕರ್ನಾಟಕದ ವಾರ್ಡುಗಳಲ್ಲಿ ಮೊದಲ ಪ್ರಶ್ನೆಯೇ ಎಡವುತ್ತದೆ. ನಂಬಿಕೆ ಯಾವುದೆಂದರೆ ಜಾತಿ ಕೇಳಿದಂತೆ ಕೇಳಿಸಬಹುದು. ಉತ್ತರವೂ ಎಷ್ಟೋ ಸಲ ಮಂಚದ ಪಕ್ಕ ನಿಂತ ಮಗನದೋ ಸೊಸೆಯದೋ. ಇಲ್ಲಿ ನಂಬಿಕೆ ಬಾಯಿಮಾತಿಗಿಂತ ಮೈಮೇಲೆ ಕಾಣುತ್ತದೆ. ಆಪರೇಷನ್ನಿಗೆ ಒಯ್ಯುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆಸುತ್ತಾರೆ. ಲಿಂಗಾಯತ ಅಜ್ಜಿಯ ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ದೀಕ್ಷೆಯಲ್ಲಿ ಪಡೆದ ಇಷ್ಟಲಿಂಗ. ಒಡವೆಯ ಜೊತೆ ಬಿಚ್ಚಿ ಪೊಟ್ಟಣ ಕಟ್ಟಿದರೆ ಕೆಲಸವೇನೋ ಮುಗಿಯುತ್ತದೆ, ಅಜ್ಜಿಯ ಎದೆ ಮಾತ್ರ ಹಾರುತ್ತದೆ. ‘ಲಿಂಗ ಯಾರ ಕೈಗೆ ಕೊಡಲಿ ಅಜ್ಜಿ? ಪೂಜೆ ಮುಗಿಸಿಕೊಂಡೇ ಹೋಗೋಣವಾ?’ ಎನ್ನುವ ಸಿಸ್ಟರ್, ಮೊದಲ ಮೂರು ಪ್ರಶ್ನೆಗಳನ್ನು ದಾಟಿ ನೇರ ನಾಲ್ಕನೆಯದಕ್ಕೆ ಬಂದಿರುತ್ತಾರೆ.

ತೀರ್ಥವೋ ಜಮ್‌ಜಮ್ ನೀರೋ ಕುಡಿಸಬೇಕೆಂದು ಮನೆಯವರು ಪಟ್ಟು ಹಿಡಿದಾಗ ಈ ಸಾಧನದಿಂದ ದಾರಿ ಸಿಗದು. ನುಂಗಲಾರದವರಿಗೆ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಇಳಿದೀತು. ಹತ್ತಿಯಲ್ಲಿ ಅದ್ದಿ ತುಟಿ ತೋಯಿಸಬಹುದು ಎಂಬ ಉಪಾಯ ಬರುವುದು ವಾರ್ಡಿನ ಅನುಭವದಿಂದ.

ನಾಲ್ಕನೆಯ ಭಾಗ ಬಿಗಿಯಾಗದೆ ಸಾಧನ ಉಪಯೋಗಕ್ಕೆ ಬಾರದು. ಅಡ್ಮಿಷನ್ ಹಾಳೆಯಲ್ಲಿ ‘ಹಿಂದೂ’ ಎಂದೋ ‘ಮುಸ್ಲಿಂ’ ಎಂದೋ ಬರೆದಿಟ್ಟರೆ ರಾತ್ರಿ ಪಾಳಿಯ ಸಿಸ್ಟರ್‌ಗೆ ಏನೂ ತಿಳಿಯದು. ರಂಜಾನ್ ಉಪವಾಸ ಹಿಡಿದ ಮಧುಮೇಹಿಯ ಇನ್ಸುಲಿನ್ ಬಗ್ಗೆ ವೈದ್ಯರನ್ನು ಕೇಳಬೇಕು ಎಂಬ ಒಂದು ಸಾಲು ಪಾಳಿ ಬದಲಾಗುವಾಗ ಕೈದಾಟಿದರೆ ತಿಳಿಯುತ್ತದೆ.